ಮೂರನೆಯ ಸ್ಟಿಕ್ಕರ್

ಹದಿನೆಂಟು ವರ್ಷದಿಂದ ಶ್ರವಣ ಯಂತ್ರ ಮಾರುತ್ತಿದ್ದೇನೆ. ನನ್ನ ಕಿವಿಗೆ ಹೂವಿಡುವುದು ಸುಲಭವಲ್ಲ.

ಅಂದು ಮಧ್ಯಾಹ್ನ ನಿವೃತ್ತ ಟೈಪಿಸ್ಟ್ ಅಜ್ಜಿಯೊಬ್ಬರು ಬಂದರು. ಯಂತ್ರವಿಲ್ಲದೆ ಅವರಿಗೆ ಏನೂ ಕೇಳಿಸದು. ಹೊರಗಿನ ಸದ್ದು ನುಸುಳದ ಪರೀಕ್ಷಾ ಕೋಣೆಯಲ್ಲಿ ಇಬ್ಬರೇ ಕೂತೆವು. ಮೂರು ಕಂಪನಿಗಳ ಯಂತ್ರಗಳಿಗೆ ಹೊಸ ಬ್ಯಾಟರಿ ಹಾಕಿ, ಒಂದೊಂದಾಗಿ ತೊಡಿಸಿ, ತುಟಿ ನೋಡಿ ಊಹಿಸದಂತೆ ಕಾರ್ಡಿನಿಂದ ಬಾಯಿ ಮುಚ್ಚಿಕೊಂಡು ಪದಗಳನ್ನು ಹೇಳಿದೆ.

ಕಿವಿಯ ಹಿಂದೆ ಕೂರುವುದರಲ್ಲಿ ಹತ್ತಕ್ಕೆ ಆರು ಪದ ಸರಿ. ಕಿವಿಯೊಳಗೆ ಕೂರುವುದರಲ್ಲಿ ಏಳು. ಗದ್ದಲ ತಗ್ಗಿಸುವ ಮೂರನೆಯದರಲ್ಲಿ ಹತ್ತಕ್ಕೆ ಹತ್ತು.

"ಇದನ್ನೇ ಕೊಡಪ್ಪ," ಎಂದರು. "ನಿನ್ನ ಹಿಂದೆ ನಿಂತಿರೋರು ಕೆಮ್ಮೋದೂ ಕೇಳಿಸ್ತಿದೆ."

ನನ್ನ ಹಿಂದೆ ಇದ್ದದ್ದು ಗೋಡೆ.

"ಹೊಸದರಲ್ಲಿ ಗೊರಗೊರ ಅನ್ನುತ್ತೆ ಅಜ್ಜಿ."

"ಗೊರಗೊರ ಅಲ್ಲ. ಮೂರು ಸಲ ಕೆಮ್ತಾರೆ, ಸ್ವಲ್ಪ ತಡೀತಾರೆ, ಮತ್ತೆ ಮೂರು ಸಲ."

ಕತ್ತಿನ ಹಿಂಭಾಗಕ್ಕೆ ತಣ್ಣನೆ ಉಸಿರು ತಾಗಿದಂತಾಯಿತು. ಆ ಕೋಣೆಗೆ ಕಿಟಕಿಯಿಲ್ಲ.

ಅವರು ಅದನ್ನೇ ತೊಟ್ಟು ಹೊರಟ ಮೇಲೆ ಟ್ರೇ ನೋಡಿದೆ. ಈ ಬ್ಯಾಟರಿಗಳ ಮೇಲೊಂದು ಸ್ಟಿಕ್ಕರ್ ಇರುತ್ತದೆ. ಅದನ್ನು ಕಿತ್ತು ಗಾಳಿಯಾಡಿದರಷ್ಟೇ ಬ್ಯಾಟರಿಗೆ ಜೀವ. ಕಿತ್ತದ್ದನ್ನೆಲ್ಲ ಟ್ರೇ ಅಂಚಿಗೆ ಅಂಟಿಸುವುದು ನನ್ನ ಅಭ್ಯಾಸ. ಅಲ್ಲಿ ಎರಡೇ ಇದ್ದವು. ಮೂರನೆಯ ಯಂತ್ರದ್ದನ್ನು ನಾನು ಕಿತ್ತೇ ಇರಲಿಲ್ಲ.

ತಕ್ಷಣ ಫೋನ್ ಮಾಡಿದೆ. ಅಜ್ಜಿಯೇ ಎತ್ತಿದರು.

"ಅಜ್ಜಿ, ಆ ಬ್ಯಾಟರಿಯಲ್ಲಿ ನಾನೊಂದು ತಪ್ಪು ಮಾಡಿದೀನಿ."

"ಏನೂ ತಪ್ಪಿಲ್ಲಪ್ಪ, ಸ್ಪಷ್ಟವಾಗಿ ಕೇಳಿಸ್ತಿದೆ. ಅವರ ಕೆಮ್ಮು ನಿಂತಿದೆ. ಈಗ ಮಾತಾಡ್ತಾರೆ, ನಿನ್ನನ್ನೇ ವಿಚಾರಿಸ್ತಿದ್ರು."

ಆ ಬ್ಯಾಟರಿ ಬಾಳುವುದು ಹತ್ತು ದಿನ. ಎಂಟು ತಿಂಗಳಾಯಿತು, ಹೊಸದು ಕೇಳಿಕೊಂಡು ಅವರು ಒಮ್ಮೆಯೂ ಬಂದಿಲ್ಲ.