ನಕ್ಷೆಯಲ್ಲಿಲ್ಲದ ನಲವತ್ತೆರಡು ಗಾಯ

ಬ್ಲೇಡು ನನ್ನ ಎಡಗೈಯನ್ನು ಮೊಣಕೈಯಿಂದ ಮಣಿಕಟ್ಟಿನವರೆಗೆ ಸೀಳಿಕೊಂಡು ಹೋಯಿತು.

ನೋವಾಗಲಿಲ್ಲ. ಮೊದಲು ತಣ್ಣಗಾಯಿತು... ಆಮೇಲೆ ಬಿಸಿ!

"ಬ್ಯಾಗ್ ಬಿಡಿ ಮೇಡಂ! ಬಿಟ್ಬಿಡಿ!" ಎಂದು ಅರಚಿದೆ.

ಆಕೆ ಬಿಡಲಿಲ್ಲ. ಬೈಕು ಆಕೆಯನ್ನು ನಾಲ್ಕು ಮಾರು ಎಳೆದುಕೊಂಡೇ ಹೋಯಿತು. ಲ್ಯಾಪ್‌ಟಾಪ್ ಬ್ಯಾಗಿನ ಪಟ್ಟಿ ಫಟ್ಟೆಂದು ಹರಿಯಿತು. ಬ್ಯಾಗನ್ನು ಮಗುವಿನಂತೆ ತಬ್ಬಿಕೊಂಡು ಆಕೆ ರಸ್ತೆಗುರುಳಿದಳು. ನಾನು ಬೈಕಿನ ಹಿಂದಿನ ಸೀಟಿಗೆ ಕೈ ಹಾಕಿದೆ. ರಕ್ತಕ್ಕೆ ಹಿಡಿತ ಜಾರಿತು. ಕಪ್ಪು ಹೆಲ್ಮೆಟ್ ಒಮ್ಮೆ ತಿರುಗಿ ನೋಡಿತು. ನಂಬರ್ ಪ್ಲೇಟಿನ ಮೇಲೆ ಕೆಸರು ಮೆತ್ತಿತ್ತು.

ಹೋದ!

ಮಧ್ಯಾಹ್ನ ಮೂರು ನಲವತ್ತು. ಕಣ್ಣು ಕುಕ್ಕುವ ಬಿಸಿಲು. ಬೀದಿಯಲ್ಲಿ ನರಪಿಳ್ಳೆ ಇಲ್ಲ.

ನಾನು ಅದೇ ಏರಿಯಾದ ಸಬ್ ಇನ್ಸ್‌ಪೆಕ್ಟರ್, ಸ್ವಾಮಿ! ಗಸ್ತು ವ್ಯಾನು ಎಲ್ಲಿ ಓಡಾಡಬೇಕು ಎಂದು ತೀರ್ಮಾನಿಸುವವನೇ ನಾನು. ಅವತ್ತು ಯೂನಿಫಾರಂ ಹಾಕಿರಲಿಲ್ಲ. ಧೂಳಿಗೆಂದು ಮುಖಕ್ಕೆ ಕರ್ಚೀಫ್ ಕಟ್ಟಿದ್ದೆ. ಆ ಹೆಲ್ಮೆಟ್‌ಗೆ ನನ್ನ ಗುರುತು ಸಿಗಲಿಲ್ಲ. ಅದೇ ಆಮೇಲೆ ನನ್ನ ಕೆಲಸಕ್ಕೆ ಬಂತು.

ಆಕೆ ಎದ್ದು ಬಂದಳು. ಎರಡೂ ಮಂಡಿಯ ಚರ್ಮ ಕಿತ್ತುಹೋಗಿತ್ತು. ನನ್ನ ಕೈ ನೋಡಿ ಮುಖ ಬಿಳಿಚಿಕೊಂಡಿತು.

"ಸಾರ್... ನೀವು ನಲವತ್ತೆರಡನೆಯವರು."

"ಏನು ನಲವತ್ತೆರಡು?"

"ಇಲ್ಲೀವರೆಗೆ ನಲವತ್ತೊಂದು ಗಾಯ ಇತ್ತು. ಈಗ ನೀವೂ ಡೇಟಾ ಸಾರ್."

ಬೇರೆ ಯಾರಾದರೂ ಹಾಗಂದಿದ್ದರೆ ಹಲ್ಲು ಉದುರಿಸುತ್ತಿದ್ದೆ!

ಈಕೆಯ ಬಗ್ಗೆ ಹೇಳಬೇಕು. ಹೆಡ್ ಆಫೀಸಿನ ಮೂರನೇ ಮಹಡಿಯಲ್ಲಿ ಕೂತು ಅಪರಾಧದ ಲೆಕ್ಕ ನೋಡುವವಳು. ಎಲ್ಲಿ ಕಳ್ಳತನ, ಎಲ್ಲಿ ಹೊಡೆದಾಟ... ನಕ್ಷೆಯ ಮೇಲೆ ಒಂದೊಂದಕ್ಕೂ ಒಂದೊಂದು ಕೆಂಪು ಚುಕ್ಕಿ ಇಡುತ್ತಾಳೆ. ಚುಕ್ಕಿ ದಟ್ಟವಾದ ಕಡೆಗೆ ನಮ್ಮ ವ್ಯಾನು ಹೋಗುತ್ತದೆ. ಸ್ಟೇಷನ್ನಿನಲ್ಲಿ ಎಲ್ಲರ ಬಾಯಲ್ಲೂ ಆಕೆ ಚುಕ್ಕಿ ಮೇಡಂ. ಶುರುವಿನಲ್ಲಿ ನಾವೆಲ್ಲ ನಕ್ಕಿದ್ದೆವು. ಎರಡೇ ತಿಂಗಳಲ್ಲಿ ಬಸ್ ಸ್ಟ್ಯಾಂಡಿನ ಬೈಕ್ ಕಳ್ಳತನ ಅರ್ಧಕ್ಕಿಳಿಯಿತು. ನಗು ನಿಂತಿತು. ನಾನಂತೂ ಆ ನಕ್ಷೆಯನ್ನು ಕಣ್ಣು ಮುಚ್ಚಿ ನಂಬಿದೆ.

ತಪ್ಪಾಗಿದ್ದು ಅಲ್ಲೇ!

ನಮ್ಮ ಏರಿಯಾದ ತುದಿಯಲ್ಲಿ ಒಂದು ದೊಡ್ಡ ಲಾಂಡ್ರಿ ಇದೆ. ಆಸ್ಪತ್ರೆಯ ಹೊದಿಕೆ, ದಿಂಬಿನ ಚೀಲ ಎಲ್ಲ ಅಲ್ಲಿಗೇ ಬರುತ್ತವೆ. ಕೆಲಸದವರು ಮುಕ್ಕಾಲು ಪಾಲು ಹೆಂಗಸರು. ಶಿಫ್ಟ್ ಬಿಟ್ಟ ಮೇಲೆ ಹಿಂದಿನ ಗೇಟಿನಿಂದ ಪಂಪ್ ಹೌಸ್ ದಾಟಿ ಬಸ್ ಸ್ಟಾಪಿಗೆ ನಡೆಯಬೇಕು. ಆ ಬೀದಿ ಏಳು ತಿಂಗಳಿಂದ ನಕ್ಷೆಯಲ್ಲಿ ಬೆಳ್ಳಗಿತ್ತು. ಒಂದೇ ಒಂದು ಚುಕ್ಕಿ ಇಲ್ಲ. ನಾನು ಅಲ್ಲಿಂದ ಗಸ್ತು ತೆಗೆಸಿದೆ. ಆರ್ಡರಿನ ಕೆಳಗೆ ಇದ್ದದ್ದು ನನ್ನದೇ ಸಹಿ.

ಮೂರು ವಾರ ಕಳೆಯಿತು. ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವ ಒಬ್ಬ ಹೆಂಗಸಿನ ಬಲಗೈ ನರ ಅದೇ ಬೀದಿಯಲ್ಲಿ ಬ್ಲೇಡಿಗೆ ಕತ್ತರಿಸಿಹೋಯಿತು. ಜೊತೆಯವರೆಲ್ಲ ಅವಳನ್ನು ಇಸ್ತ್ರಿ ಅಕ್ಕ ಎನ್ನುತ್ತಿದ್ದರು. ನೋಡಲು ಆಸ್ಪತ್ರೆಗೆ ಹೋದೆ. ಮುಖ ಎಲ್ಲೋ ನೋಡಿದ ಹಾಗಿತ್ತು.

"ಎರಡು ಸಲ ಸ್ಟೇಷನ್‌ಗೆ ಬಂದಿದ್ದೆ ಸಾರ್," ಎಂದಳು. "ಯಾರೋ ಬ್ಲೇಡ್ ತೋರಿಸಿ ಫೋನ್ ಕಿತ್ಕೊಂಡ ಅಂತ. ನೀವೇ ಸಿಕ್ಕಿದ್ರಿ. ಮ್ಯಾಪಲ್ಲಿ ಆ ಬೀದಿ ಕ್ಲೀನಾಗಿದೆಯಮ್ಮ ಅಂದ್ರಿ."

ನಾನು ಟೋಪಿ ತೆಗೆದು ಕೈಯಲ್ಲಿ ಹಿಡಿದೆ.

"ನಿಮ್ಮ ಮ್ಯಾಪು ಯಾವತ್ತಾದ್ರೂ ಆ ದಾರೀಲಿ ನಡ್ಕೊಂಡು ಹೋಗಿದ್ಯಾ ಸಾರ್?"

ಇಪ್ಪತ್ತು ವರ್ಷದ ಸರ್ವಿಸಿನಲ್ಲಿ ಎಷ್ಟೋ ಬೈಗುಳ ತಿಂದಿದ್ದೇನೆ. ಯಾವುದೂ ಅಷ್ಟು ಆಳಕ್ಕೆ ಇಳಿದಿರಲಿಲ್ಲ.

ಸೀದಾ ಮೂರನೇ ಮಹಡಿಗೆ ಹೋಗಿ ನಕ್ಷೆಯನ್ನು ಮೇಜಿನ ಮೇಲೆ ಎಸೆದೆ. "ನಿಮ್ಮ ಚುಕ್ಕಿ ಸುಳ್ಳು ಹೇಳ್ತಿದೆ!"

ಆಕೆ ಕೋಪಿಸಿಕೊಳ್ಳಲಿಲ್ಲ. "ನೀವು ಕೊಟ್ಟಿದ್ದನ್ನ ಅದು ತೋರಿಸುತ್ತೆ ಸಾರ್. ಕೊಡದೇ ಇದ್ದಿದ್ದನ್ನ ಎಲ್ಲಿಂದ ತೋರಿಸ್ಲಿ? ಬನ್ನಿ, ಬೇರೆ ಕಡೆ ಕೇಳೋಣ."

ಬೇರೆ ಕಡೆ ಎಂದರೆ ಆಸ್ಪತ್ರೆಯ ಎಮರ್ಜೆನ್ಸಿ ವಾರ್ಡು. ಅಲ್ಲೊಬ್ಬ ಹಿರಿಯ ಸಿಸ್ಟರ್ ಗಾಯಕ್ಕೆಂದು ಬಂದ ಪ್ರತಿಯೊಬ್ಬರನ್ನೂ ಮೂರು ಪ್ರಶ್ನೆ ಕೇಳಿ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದರು. ಎಲ್ಲಿ ಆಯ್ತು? ಎಷ್ಟು ಹೊತ್ತಿಗೆ? ಏತರಿಂದ? ಹೆಸರು ಬೇಡ. ಚುಕ್ಕಿ ಮೇಡಂ ಒಂದಿಡೀ ದಿನ ಕೂತು ಎಣಿಸಿದಳು. ಏಳು ತಿಂಗಳಲ್ಲಿ ಆ ಬೆಳ್ಳನೆ ಬೀದಿಯಿಂದ ಬಂದ ಬ್ಲೇಡ್ ಗಾಯ... ನಲವತ್ತೊಂದು! ನಮ್ಮ ಲೆಕ್ಕದಲ್ಲಿ? ಇಸ್ತ್ರಿ ಅಕ್ಕನದೂ ಸೇರಿ ಸೊನ್ನೆ!

ಹಾಗಾಗಿ ಬೀದಿಯನ್ನು ಕಣ್ಣಾರೆ ನೋಡಲು ಬಂದಿದ್ದೆವು. ನೋಡಿದೆವು ಬಿಡಿ.

ನನ್ನ ಕೈಗೆ ಹನ್ನೊಂದು ಹೊಲಿಗೆ ಬಿತ್ತು. ಹೊಲಿದವರೂ ಅದೇ ಸಿಸ್ಟರ್.

"ಸ್ಟೇಷನ್‌ಗೆ ಚೀಟಿ ಕಳಿಸ್ಬೇಕು," ಎಂದರು. "ನಿಮ್ಮ ಹೆಸರು ಬರೀಲಾ?"

ನಾನು ಚುಕ್ಕಿ ಮೇಡಂ ಕಡೆ ನೋಡಿದೆ. ಆಕೆ ನನ್ನ ಕಡೆ ನೋಡಿದಳು. ಇಬ್ಬರಿಗೂ ಒಂದೇ ಯೋಚನೆ: ಈ ಚೀಟಿ ಸ್ಟೇಷನ್ನಿನಲ್ಲಿ ಏನಾಗುತ್ತದೋ ನೋಡೋಣ.

"ಗಂಡಸು, ಬ್ಲೇಡ್ ಗಾಯ, ಹೆಸರು ಹೇಳಲಿಲ್ಲ... ಅಂತ ಬರೀರಿ ಸಿಸ್ಟರ್."

ಮರುದಿನ ಬೆಳಿಗ್ಗೆ ತುಂಬುತೋಳಿನ ಅಂಗಿ ಹಾಕಿಕೊಂಡು ಸ್ಟೇಷನ್ನಿಗೆ ಹೋದೆ. ರಿಜಿಸ್ಟರ್ ತೆಗೆದೆ. ದುಂಡನೆಯ ಅಕ್ಷರದಲ್ಲಿ ಬರೆದಿತ್ತು: "ಅಪರಿಚಿತ ಗಂಡಸು. ಒಡೆದ ಗಾಜು ತಗುಲಿ ಗಾಯ. ಅಪರಾಧವಲ್ಲ."

ನನ್ನ ಕೈ ಸ್ವಾಮಿ! ನನ್ನ ಹನ್ನೊಂದು ಹೊಲಿಗೆ! ನನ್ನ ಸ್ಟೇಷನ್ನಿನಲ್ಲೇ ಗಾಜಿನ ಚೂರಾಗಿ ಹೋಗಿತ್ತು!

ಅಕ್ಷರ ನಮ್ಮ ರೈಟರ್‌ದು. ಸ್ಟೇಷನ್ನಿನ ಬರವಣಿಗೆಯೆಲ್ಲ ಅವನದೇ. ಯಾವ ದೂರಾದರೂ ಅವನ ಕೈ ದಾಟಿಯೇ ಕಂಪ್ಯೂಟರಿಗೆ ಹೋಗಬೇಕು. ಮೆತ್ತನೆಯ ಮನುಷ್ಯ. ಹನ್ನೆರಡು ವರ್ಷ ನನ್ನ ಪಕ್ಕದಲ್ಲಿ ಕೂತು ಊಟ ಮಾಡಿದವನು.

ಹಿತ್ತಲಿಗೆ ಹೋಗಿ ಚುಕ್ಕಿ ಮೇಡಂಗೆ ಫೋನ್ ಮಾಡಿದೆ. "ಈಗ್ಲೇ ಕುತ್ತಿಗೆ ಪಟ್ಟಿ ಹಿಡೀತೀನಿ!"

"ಬೇಡ ಸಾರ್! ಅವ್ರು ಮುಚ್ಚಿಟ್ಟೋರು. ಬ್ಲೇಡ್ ಹಿಡ್ಕೊಂಡೋನು ಹೊರಗಿದಾನೆ. ಒಂದ್ನಿಮಿಷ ಕೇಳಿ... ನಲವತ್ತೆರಡು ಟೈಮನ್ನೂ ನಿಮ್ಮ ವ್ಯಾನಿನ ಜಿಪಿಎಸ್ ಪಕ್ಕ ಇಟ್ಟು ನೋಡ್ದೆ. ಪ್ರತೀ ಸಲ ವ್ಯಾನು ದೂರದ ಮಾರ್ಕೆಟ್ ಹತ್ರ ಇತ್ತು. ಪ್ರತೀ ಸಲ!"

"ಅದೃಷ್ಟ?"

"ನಿಮ್ಮ ಡ್ಯೂಟಿ ಚಾರ್ಟ್ ವಾರವಾರ ಬದಲಾಗುತ್ತೆ. ನಲವತ್ತೆರಡು ಸಲ ಯಾರಿಗೂ ಅದೃಷ್ಟ ಇರಲ್ಲ ಸಾರ್. ಅವನು ಚಾರ್ಟ್ ಓದ್ತಾನೆ."

ಆ ಚಾರ್ಟ್ ಇರುತ್ತಿದ್ದದ್ದು ರೈಟರ್ ಮೇಜಿನ ಮೇಲೆ.

"ಇನ್ನೊಂದು," ಎಂದಳು. "ಒಂದು ಕಡೆ ಕೈ ಹಾಕಿದ್ರೆ ವಾರದೊಳಗೆ ಮತ್ತೆ ಅಲ್ಲಿಗೇ ಬರ್ತಾನೆ. ಗೇಟಿಂದ ಪಂಪ್ ಹೌಸ್‌ವರೆಗೆ, ಮಧ್ಯಾಹ್ನದ ಶಿಫ್ಟ್ ಬಿಟ್ಟ ಅರ್ಧ ಗಂಟೇಲಿ. ಏಳು ತಿಂಗಳಿಂದ ಇದೇ ಲೆಕ್ಕ."

ಅವತ್ತೇ ಒಂದು ಸುಳ್ಳು ಚಾರ್ಟ್ ಮಾಡಿದೆ. ಗುರುವಾರ, ಮೂರರಿಂದ ನಾಲ್ಕು, ವ್ಯಾನು ಮಾರ್ಕೆಟ್‌ನಲ್ಲಿ. ಒಂದೇ ಪ್ರತಿ. ಅದನ್ನು ರೈಟರ್ ಮೇಜಿನ ಮೇಲಿಟ್ಟೆ. ಊಟದ ಹೊತ್ತು. ಅವನ ಭಾಮೈದ ಎಂದಿನಂತೆ ಮನೆಯಿಂದ ಡಬ್ಬಿ ತಂದು ಬಿಚ್ಚುತ್ತಿದ್ದ. ಮೂವತ್ತು ದಾಟಿದ ಆಳು. ಕೆಲಸವಿಲ್ಲ. ನಗುಮುಖ.

"ಊಟ ಆಯ್ತಾ ಸಾರ್?" ಎಂದ.

"ಆಗ್ಬೇಕಪ್ಪ," ಎಂದೆ.

ಗುರುವಾರ ಇಸ್ತ್ರಿ ಅಕ್ಕನನ್ನು ಹುಡುಕಿಕೊಂಡು ಲಾಂಡ್ರಿಗೆ ಹೋದೆ. ಗಾಯ ಮಾಯುವ ಮೊದಲೇ ಅವಳು ಕೆಲಸಕ್ಕೆ ಬಂದಿದ್ದಳು. ಎಡಗೈಯಲ್ಲಿ ಹೊದಿಕೆ ಮಡಿಸುತ್ತಿದ್ದಳು.

"ಇವತ್ತು ಈ ದಾರೀಲಿ ಹೋಗ್ಬೇಡಕ್ಕ. ಮುಂದಿನ ಗೇಟಲ್ಲಿ ಆಟೋ ನಿಲ್ಲಿಸಿದೀನಿ."

"ನಾಳೆ?"

"ನಾಳೆ..."

"ನಾಳೆ ಆಟೋ ಇರಲ್ಲ. ನಂಗೆ ಮನೆಗೆ ದಾರಿ ಇದೊಂದೇ ಸಾರ್. ನಡೀತೀನಿ. ಸರಿಯಾಗಿ ಹಿಡೀರಿ ಸಾಕು."

ಎಷ್ಟು ಹೇಳಿದರೂ ಜಗ್ಗಲಿಲ್ಲ.

ನಾನು ಹಿಂದಿನ ಗೇಟಿನೊಳಗೆ ಕೊಳೆ ಹೊದಿಕೆ ತುಂಬಿದ ಕಬ್ಬಿಣದ ಟ್ರಾಲಿಯ ಹಿಂದೆ ಕೂತೆ. ವ್ಯಾನನ್ನು ಪಂಪ್ ಹೌಸಿನ ಆಚೆ ನಿಲ್ಲಿಸಿದ್ದೆ. ಮೂರೂಕಾಲಿಗೆ ಸೈರನ್ ಕೂಗಿತು. ಹೆಂಗಸರು ಗುಂಪುಗುಂಪಾಗಿ, ಬೇಗಬೇಗ ಹೆಜ್ಜೆ ಹಾಕಿ ಹೋದರು. ಕೊನೆಗೆ ಇಸ್ತ್ರಿ ಅಕ್ಕ. ಒಬ್ಬಳೇ. ನಿಧಾನ.

ಐದು ನಿಮಿಷ... ಎಂಟು ನಿಮಿಷ...

ಬೈಕಿನ ಸದ್ದು!

ಕಪ್ಪು ಹೆಲ್ಮೆಟ್. ಒಂದೇ ಕೈಯಲ್ಲಿ ಹ್ಯಾಂಡಲ್. ಇನ್ನೊಂದು ಕೈಯಲ್ಲಿ ಏನೋ ಮಿಂಚಿತು. ಅವಳು ಅಲ್ಲೇ ನಿಂತು ತಿರುಗಿದಳು. ಓಡಲಿಲ್ಲ!

ಟ್ರಾಲಿಗೆ ಹೆಗಲು ಕೊಟ್ಟು ಮೈಯಲ್ಲಿದ್ದ ಬಲವನ್ನೆಲ್ಲ ಹಾಕಿ ರಸ್ತೆಗೆ ನೂಕಿದೆ.

ಧಡಾರ್!

ಬೈಕು ಒಂದು ಕಡೆ, ಅವನು ಇನ್ನೊಂದು ಕಡೆ. ರಸ್ತೆ ತುಂಬ ಹೊದಿಕೆ. ಬಿದ್ದವನು ಬೆಕ್ಕಿನ ಹಾಗೆ ಎದ್ದು ಓಟ ಕಿತ್ತ. ನಾನು ಕೈಗೆ ಸಿಕ್ಕಿದ ಹೊದಿಕೆಯೊಂದನ್ನು ಎಳೆದುಕೊಂಡು ಹಿಂದೆ ಬಿದ್ದೆ. ಪಂಪ್ ಹೌಸಿನ ಪಕ್ಕದ ಸಂದಿ. ಎರಡು ಕಡೆ ಪೈಪು, ಕಾಲಡಿ ಪಾಚಿ. ನಲವತ್ತಾರು ವರ್ಷದ ಮಂಡಿ ಲಟಕ್ಕೆಂದಿತು. ಬಿಡಲಿಲ್ಲ. ಸಂದಿಯ ಆಚೆ ಬಾಯಿಗೆ ನಮ್ಮ ವ್ಯಾನು ಬಂದು ಅಡ್ಡ ನಿಂತಿತು.

ಅವನು ತಿರುಗಿದ. ಕೈಯಲ್ಲಿ ಬ್ಲೇಡು.

"ಹತ್ರ ಬಂದ್ರೆ ಕುತ್ತಿಗೆ ಸೀಳ್ಬಿಡ್ತೀನಿ!"

ಆ ದನಿ... ದಿನಾ ಕೇಳುವ ದನಿ!

ಹೊದಿಕೆಯನ್ನು ಎಡಗೈಗೆ ಸುತ್ತಿಕೊಂಡು ನುಗ್ಗಿದೆ. ಬ್ಲೇಡು ಬಟ್ಟೆಯಲ್ಲಿ ಸಿಕ್ಕಿಕೊಂಡಿತು. ನನ್ನ ಹೊಲಿಗೆ ನಾಲ್ಕು ಬಿಚ್ಚಿತು. ಹೊಟ್ಟೆಗೆ ಒಂದೇ ಗುದ್ದು. ಕುಸಿದ. ಹೆಲ್ಮೆಟ್ ಕಿತ್ತೆ.

ರೈಟರ್‌ನ ಭಾಮೈದ.

ನನ್ನನ್ನು ನೋಡಿ ಅವನು ಹೆದರಲಿಲ್ಲ ಸ್ವಾಮಿ. ಸುಸ್ತಾದವನ ಹಾಗೆ ಉಸಿರುಬಿಟ್ಟ.

"ಭಾವಂಗೆ ಫೋನ್ ಮಾಡಿ ಸಾರ್. ಭಾವ ನೋಡ್ಕೋತಾರೆ."

ಭಾವನನ್ನು ನನ್ನ ರೂಮಿಗೇ ಕರೆಸಿದೆ. ಬಾಗಿಲು ಹಾಕಿದೆ.

"ಚಾರ್ಟ್ ನಾನು ಕೊಟ್ಟಿಲ್ಲ ಸಾರ್," ಎಂದ ರೈಟರ್. "ಮೇಜಿನ ಮೇಲಿಂದ ಓದ್ಕೊಂಡಿದಾನೆ. ದೇವರಾಣೆ."

"ರಿಜಿಸ್ಟರ್?"

ಅವನು ಜೇಬಿನ ಪೆನ್ನನ್ನು ಮುಟ್ಟಿ ನೋಡಿಕೊಂಡ.

"ಮೊದಲನೇ ದೂರಲ್ಲಿ ಬೈಕಿನ ಕೊನೇ ಎರಡು ನಂಬರ್ ಇತ್ತು. ನಮ್ಮನೆ ಬೈಕು ಸಾರ್... ಅವ್ರಮ್ಮ ಸತ್ತಾಗ ಅವನಿಗೆ ನಾಲ್ಕು ವರ್ಷ. ನನ್ನ ಹೆಂಡ್ತೀನೇ ಸಾಕಿದ್ದು. ಇದೊಂದು ಸಲ ಅಂತ ‘ಫೋನ್ ಕಳೆದುಹೋಗಿದೆ’ ಅಂತ ಬರೆದೆ. ಮನೇಲಿ ಬೈದೆ. ಕಾಲಿಗೆ ಬಿದ್ದ."

"ಎರಡನೇದು?"

"ಎರಡನೇದು ಸರಿಯಾಗಿ ಬರೆದ್ರೆ ಮೊದಲನೇದು ಹೊರಗೆ ಬರುತ್ತಲ್ಲ ಸಾರ್..."

"ನಲವತ್ತೆರಡನೇದು? ಗಾಜು ತಗುಲಿದೋನು ಯಾರು, ಗೊತ್ತಾ?"

ಅಂಗಿಯ ತೋಳು ಮೇಲಕ್ಕೆ ಮಡಿಸಿದೆ. ಬ್ಯಾಂಡೇಜು ಪೂರ್ತಿ ಕೆಂಪಾಗಿತ್ತು. ಅವನು ಅದನ್ನೇ ನೋಡಿದ. ಜೇಬಿನಿಂದ ಪೆನ್ನು ತೆಗೆದು, ಸದ್ದಾಗದಂತೆ ನನ್ನ ಮೇಜಿನ ಮೇಲಿಟ್ಟ.

ಅವನಿಗೆ ಬೈಯಲು ಬಾಯಿ ಬರಲಿಲ್ಲ. ಅವನು ತಿದ್ದಿದ್ದ. ಆ ತಿದ್ದಿದ್ದನ್ನು ನೋಡಿ ನಕ್ಷೆ ಬೆಳ್ಳಗಾಯಿತು. ಬೆಳ್ಳಗಾದ ನಕ್ಷೆಯನ್ನು ನೋಡಿ ಗಸ್ತು ತೆಗೆದವನು ನಾನು. ಬಾಗಿಲಿಗೆ ಬಂದ ಹೆಂಗಸನ್ನು ವಾಪಸ್ ಕಳಿಸಿದವನೂ ನಾನೇ.

ಇಸ್ತ್ರಿ ಅಕ್ಕನ ಹೇಳಿಕೆಯನ್ನು ನಾನೇ ಬರೆದುಕೊಂಡೆ. ಬಲಗೈ ಬೆರಳು ಮಡಚುವುದಿಲ್ಲ, ಪೆನ್ನು ನಿಲ್ಲುವುದಿಲ್ಲ. ಎಡ ಹೆಬ್ಬೆಟ್ಟು ಒತ್ತಿದಳು. ನಾನು ಕ್ಷಮೆ ಕೇಳಿದೆ.

"ಕ್ಷಮಿಸಿದ್ರೆ ಬೆರಳು ಮಡಚುತ್ತಾ ಸಾರ್?" ಎಂದು ಎದ್ದು ಹೋದಳು.

ಚುಕ್ಕಿ ಮೇಡಂ ಜೊತೆ ಎಂಟು ದಿನ ಕೂತು ಹಳೆಯ ದೂರುಗಳನ್ನೆಲ್ಲ ಸರಿಯಾಗಿ ಮತ್ತೆ ಬರೆಸಿದೆ. ಆ ಬೀದಿ ನಕ್ಷೆಯಲ್ಲಿ ಗಾಯದ ಹಾಗೆ ಕೆಂಪಾಯಿತು. ವ್ಯಾನು ವಾಪಸ್ ಬಂತು. ಕ್ಯಾಮೆರಾ ಬಂತು. ಆಮೇಲೆ ಅಲ್ಲಿಂದ ಆಸ್ಪತ್ರೆಗೆ ಒಂದೂ ಬ್ಲೇಡ್ ಗಾಯ ಹೋಗಲಿಲ್ಲ. ಸಿಸ್ಟರ್ ನೋಟ್‌ಬುಕ್ಕನ್ನು ನಾನೇ ಹೋಗಿ ನೋಡಿದೆ.

ತಿಂಗಳ ಮೀಟಿಂಗಿನಲ್ಲಿ ಸಾಹೇಬರು ನಕ್ಷೆಯ ಮೇಲೆ ಕೋಲಿಟ್ಟು ಕೆಂಡವಾದರು.

"ಹೋದ ತಿಂಗಳು ಸೊನ್ನೆ! ಈ ತಿಂಗಳು ನಲವತ್ತೆರಡು! ಏನ್ರೀ ಮಾಡ್ತಿದೀರಿ ಅಲ್ಲಿ?"

"ಬರ್ಕೊಳ್ತಿದೀವಿ ಸಾರ್," ಎಂದೆ.

ಮೂರನೇ ದಿನ ವರ್ಗಾವಣೆಯ ಆರ್ಡರ್ ಬಂತು. ಕಾರಣ: ಅಪರಾಧ ತಡೆಯುವಲ್ಲಿ ವಿಫಲ.

ಆ ಕಾಗದ ಮಾತ್ರ ಒಂದಕ್ಷರವೂ ತಿದ್ದುಪಡಿಯಿಲ್ಲದೆ ಐದೇ ನಿಮಿಷದಲ್ಲಿ ರಿಜಿಸ್ಟರ್ ಆಯಿತು ಸ್ವಾಮಿ!