ನಿದ್ದೆಯ ಎರಡು ದಡ

ಬೆಳಕು ಹರಿದರೂ ನಿದ್ರಾ ವಾರ್ಡಿನಲ್ಲಿ ರೋಗಿಯಾಗಿದ್ದ ದರ್ಜಿ ಏಳಲಿಲ್ಲ. ಮುಖದಲ್ಲಿ ನೋವಿನ ಸುಳಿವಿಲ್ಲ. ಕಿಟಕಿಯ ಬಿಳಿ ಪರದೆ ಮೆಲ್ಲಗೆ ಉಬ್ಬಿ ಇಳಿಯುತ್ತಿತ್ತು. ಆ ವಾರ್ಡಿನಲ್ಲಿ ನಿದ್ದೆಯಲ್ಲೇ ಜಾರಿಹೋದವರಲ್ಲಿ ಅವನು ಮೊದಲನೆಯವನಲ್ಲ.

ಒಳಗೆ ಕಾಲಿಟ್ಟ ಇನ್‌ಸ್ಪೆಕ್ಟರಿಗೂ ಕಣ್ಣು ಎಳೆಯಿತು. ಅಂಥ ಮೌನ.

"ಔಷಧಿ ಮೇಲೆ ಅನುಮಾನ ಬೇಡ," ಎಂದರು ದೊಡ್ಡ ಡಾಕ್ಟರು. ನಿದ್ದೆ ಬಾರದವರಿಗೆಂದು ಆ ಹೊಸ ಔಷಧಿ ಕಂಡುಹಿಡಿದವರು ಅವರೇ. "ಎಲ್ರಿಗೂ ಒಂದೇ ಅಳತೆ. ಅರವತ್ಮೂರು ಕೆ.ಜಿ.ಗಿಂತ ಕಡಿಮೆ ಇರೋರು, ಜಾಸ್ತಿ ಇರೋರು ಅಂತ ಎರಡು ಗುಂಪು ಮಾಡಿದೀನಿ. ಎರಡರಲ್ಲೂ ಸಾವು ಸಮಸಮ. ತೂಕಕ್ಕೂ ಸಾವಿಗೂ ಸಂಬಂಧವೇ ಇಲ್ಲ. ಪ್ರತಿ ಸಲ ಡ್ಯೂಟಿ ಯಾರದಿತ್ತು, ಅದನ್ನ ಕೇಳಿ."

ನರ್ಸಮ್ಮನದು. ಸಂಜೆಯೊಳಗೆ ಆಕೆ ಲಾಕಪ್ಪಿನಲ್ಲಿದ್ದಳು.

"ಹೊದಿಕೆ ಸರಿಮಾಡಿದ್ದು ಬಿಟ್ರೆ ನಾನೇನೂ ಮಾಡಿಲ್ಲ ಸಾರ್."

ಆ ಮಾತು ಇನ್‌ಸ್ಪೆಕ್ಟರನ ಮನಸ್ಸಿನಲ್ಲಿ ಮುಳ್ಳಿನಂತೆ ಕೂತಿತು.

* * *

ಅವನ ಅಕ್ಕ ಸಂಖ್ಯಾಶಾಸ್ತ್ರದ ಪ್ರೊಫೆಸರ್. ಬೆಳಿಗ್ಗೆ ಅಡುಗೆಮನೆಯ ಕಿಟಕಿ ಗಾಜಿನ ಮೇಲೆ ಆವಿ ಕಟ್ಟಿತ್ತು. ಆಸ್ಪತ್ರೆಯಿಂದ ತರಿಸಿದ ರೋಗಿಗಳ ತೂಕದ ಪಟ್ಟಿ ನೋಡುತ್ತಾ, ಆ ಗಾಜಿನ ಮೇಲೆ ಬೆರಳಿನಿಂದ ಚುಕ್ಕಿ ಇಡತೊಡಗಿದಳು: ತೂಕ ಎಡದಿಂದ ಬಲಕ್ಕೆ, ಸಾವು ಹೆಚ್ಚಿದಷ್ಟೂ ಮೇಲಕ್ಕೆ.

"ನರ್ಸಮ್ಮ ಡ್ಯೂಟಿಲಿದ್ಲು ನಿಜ. ಎದ್ದು ಮನೆಗೆ ಹೋದೋರ ಪಕ್ಕದಲ್ಲೂ ಅವಳೇ ಇದ್ಲಲ್ಲೋ! ತೂಕ ಒಂದೇ ಸಮ ಏರುತ್ತೆ. ಅದನ್ನ ಎರಡೇ ತುಂಡು ಯಾಕೆ ಮಾಡ್ಬೇಕು?"

ಚುಕ್ಕಿಗಳು ಸೇರಿ ಜೋಕಾಲಿಯಂತೆ ಬಾಗಿದವು. ಎರಡೂ ತುದಿ ಮೇಲೆ. ನಡು ಕೆಳಗೆ.

"ತೀರಾ ತೆಳ್ಳಗಿದ್ದೋರು ಸತ್ತಿದಾರೆ, ಅಷ್ಟು ಔಷಧಿ ಅವರ ಮೈಗೆ ಹೆಚ್ಚು. ತೀರಾ ದಪ್ಪಗಿದ್ದೋರೂ ಸತ್ತಿದಾರೆ, ನಿದ್ದೇಲಿ ಅವರಿಗೆ ಮೊದಲೇ ಉಸಿರು ಕಟ್ಟುತ್ತೆ. ನಡುವಿನೋರು ಆರಾಮಾಗಿ ಎದ್ದಿದಾರೆ. ನಡುವೆ ಕತ್ತರಿಸಿದ್ರೆ ಎರಡು ಕಡೆಗೂ ಒಂದೊಂದು ತುದಿ. ಹಾಗಾಗಿ ಸಮ!"

* * *

"ಅರವತ್ಮೂರೇ ಯಾಕೆ ಡಾಕ್ಟ್ರೇ?" ಇನ್‌ಸ್ಪೆಕ್ಟರ್ ವಾರ್ಡಿಗೆ ಮರಳಿ ಕೇಳಿದ.

"ಸುಮ್ನೆ. ಒಂದು ಅಂದಾಜು."

"ಐವತ್ತೈದಕ್ಕೆ ಕತ್ತರಿಸಿದ್ರೆ ಸಾವು ಒಂದು ಕಡೆ ವಾಲುತ್ತೆ. ಎಪ್ಪತ್ತಕ್ಕೆ ಇನ್ನೊಂದು ಕಡೆ. ಅರವತ್ಮೂರಲ್ಲಿ ಮಾತ್ರ ಸರಿಸಮ. ಒಂದೊಂದೇ ಜಾಗದಲ್ಲಿ ಕತ್ತರಿಸಿ ನೋಡದೆ ಅದು ಸಿಗಲ್ಲ. ನೋಡಿದೀರಿ ಅಂದ್ಮೇಲೆ ತುದಿಗಳೂ ಕಂಡಿವೆ. ಆಮೇಲೂ ಔಷಧಿ ಕೊಟ್ರಿ. ತಪ್ಪನ್ನ ನರ್ಸಮ್ಮನ ತಲೆಗೆ ಕಟ್ಟಿದ್ರಿ."

ಡಾಕ್ಟರು ತೂಕದ ಪಟ್ಟಿ ಮಡಚಿಟ್ಟರು. "ಊರೆಲ್ಲಾ ನೆಮ್ಮದಿಯಾಗಿ ಮಲಗ್ಲಿ ಅಂತ ಕನಸಿತ್ತು. ಇನ್ನೊಂದಿಷ್ಟು ಸಮಯ ಸಿಕ್ಕಿದ್ರೆ ಅಳತೆ ಸರಿಮಾಡ್ತಿದ್ದೆ..."

"ಈಗ ಯಾರಿಗೆ ಕೊಟ್ಟಿದೀರಿ?"

ಅವರು ಮೂಲೆಯ ಮಂಚ ತೋರಿಸಿದರು. ಕಡ್ಡಿಯಂಥ ಸಂಗೀತದ ಟೀಚರ್. ಉಸಿರು ಎಲ್ಲೋ ದೂರ ಹೋಗಿ, ತಡವಾಗಿ ಮರಳುತ್ತಿತ್ತು.

* * *

ಬಿಡುಗಡೆಯಾದ ನರ್ಸಮ್ಮ ಮನೆಗೆ ಹೋಗಲಿಲ್ಲ. ನೇರ ವಾರ್ಡಿಗೆ ಬಂದಳು. ಬೇರೆ ಡಾಕ್ಟರು ಆಕ್ಸಿಜನ್ ಹಾಕಿದ್ದರು. ಆಕೆ ಟೀಚರ ಕೈ ಹಿಡಿದು ಕರೆಯುತ್ತಲೇ ಇದ್ದಳು.

"ಟೀಚರಮ್ಮಾ, ಬಿಸಿಲು ಬಂತು, ಏಳಿ."

ಕೊನೆಗೂ ರೆಪ್ಪೆ ಅಲುಗಿತು.

"ಯಾಕೇ ಎಬ್ಬಿಸ್ದೆ? ಎಷ್ಟು ಚೆನ್ನಾಗಿ ನಿದ್ದೆ ಬಂದಿತ್ತು!"

ನರ್ಸಮ್ಮ ನಕ್ಕಳು. ನಗುತ್ತಲೇ ಬಿಕ್ಕಿ ಬಿಕ್ಕಿ ಅತ್ತಳು.