ಮಾಳಿಗೆಯ ಮೇಲಿನ ಮೂರು ಸೆಲ್ಲು

“ಹೊಡಿ, ಇನ್ನೊಂದು ಏಟು ಹೊಡಿ!” ಎಂದು ಸಾವಂತ್ರಿ ಕೂಗಿದಳು.

ವಿರೂಪಮ್ಮ ಕಲ್ಲೆತ್ತಿ ಬ್ಯಾಟರಿ ಸೆಲ್ಲಿನ ನೆತ್ತಿಗೇ ಬಿಟ್ಟಳು. ತಗಡು ಬಾಯಿ ತೆರೆದು, ಒಳಗಿನ ಕರಿ ಪುಡಿ ಶಾಲೆಯ ಕಟ್ಟೆಯ ಮೇಲೆ ಚೆಲ್ಲಿತು. ಸುತ್ತ ನಿಂತವರೆಲ್ಲ “ಹೋ!” ಎಂದರು.

ಕುರುಗೋಡಿನ ಆ ಶಾಲೆಯಲ್ಲಿ ವರ್ಷಕ್ಕೊಮ್ಮೆ ಬೋರ್ಡಿಗೆ ಕಪ್ಪು ಬಳಿಯುತ್ತಿದ್ದರು. “ಸತ್ತ ಸೆಲ್ಲು ತರ್ರಿ” ಎಂದು ಮರಿಬಸಪ್ಪ ಮಾಸ್ತರು ಹೇಳಿದ್ದೇ ತಡ, ಮಕ್ಕಳು ಮನೆ ಮನೆ ಜಾಲಾಡುತ್ತಿದ್ದರು. ಸೆಲ್ಲಿನೊಳಗಿನ ಕರಿಯನ್ನು ಇದ್ದಿಲು, ತೊಂಡೆಸೊಪ್ಪಿನ ಜೊತೆ ಅರೆದು ಹಚ್ಚಿದರೆ ಹಳೇ ಬೋರ್ಡು ಮಿರಮಿರ ಮಿಂಚುತ್ತಿತ್ತು. ಒಡೆದ ತಗಡನ್ನೆಲ್ಲ ಮಾಸ್ತರು ಗುಜರಿಯವನಿಗಾಗಿ ಚೀಲದಲ್ಲಿ ತುಂಬಿಡುತ್ತಿದ್ದರು.

ಹೊನ್ನೂರಪ್ಪ ತಂದದ್ದು ಒಂದೇ ಸೆಲ್ಲು. ವಿರೂಪಮ್ಮ ಮೂರು ತಂದಿದ್ದಳು! ಅವಳು ಮೋಕದಿಂದ ಈ ಊರಿಗೆ ಬಂದು ಮೂರು ತಿಂಗಳಾಗಿತ್ತು. ಅಲ್ಲಿಯವರೆಗೆ ಅವಳನ್ನು ಯಾರೂ ಹೆಸರು ಹಿಡಿದು ಕರೆದಿರಲಿಲ್ಲ. ಎಲ್ಲರ ಬಾಯಲ್ಲೂ ಅವಳು ಬರೀ ‘ಹೊಸಾಕಿ’. ಇವತ್ತು ಸಾವಂತ್ರಿ ತಾನಾಗಿ ಸರಿದು, ಪಕ್ಕದಲ್ಲಿ ಜಾಗ ಕೊಟ್ಟಿದ್ದಳು. ವಿರೂಪಮ್ಮನಿಗೆ ಆದ ಖುಷಿ ಅಷ್ಟಿಷ್ಟಲ್ಲ. ಕೈ ತೊಳೆಯದೆ, ಕರೀ ಅಂಗೈಯನ್ನು ನೋಡಿಕೊಳ್ಳುತ್ತಲೇ ಮನೆಗೆ ಬಂದಳು.

ತಾತ ಕೆಂಚಣ್ಣ ಮಾಳಿಗೆಯ ಮೇಲೆ, ಒಣಹಾಕಿದ ಮೆಣಸಿನಕಾಯಿ ಸರಿಸಿ ಸರಿಸಿ ಏನೋ ಹುಡುಕುತ್ತಿದ್ದ.

“ವಿರುಪೀ, ಇಲ್ಲಿ ಬಿಸಿಲಿಗೆ ಇಟ್ಟಿದ್ದ ರೇಡಿಯೋ ಸೆಲ್ಲು ನೋಡಿಯೇನು?”

“ಅವು ಸತ್ತ ಸೆಲ್ಲಲ್ಲೇನು ತಾತ?”

“ಸತ್ತಾವಂತ ಯಾರ ಹೇಳಿದ್ರು ನಿನಗ? ದಣದಿದ್ದವು ಅಷ್ಟ. ಬಿಸಿಲಿಗೆ ಇಟ್ರ ಇನ್ನ ನಾಕು ದಿನ ಹಾಡ್ತಾವ.”

ಮೋಕದ ಮನೆಯಲ್ಲಿ ರೇಡಿಯೋ ಇರಲಿಲ್ಲ. ಸೆಲ್ಲನ್ನು ಬಿಸಿಲಿಗೆ ಒಣಗಿಸುತ್ತಾರೆಂದು ಅವಳಿಗೆ ಹೇಗೆ ಗೊತ್ತಾಗಬೇಕು? ಅವಳು ಅಂಗೈ ತೋರಿಸಿದಳು. ತಾತ ಅಂಗೈ ನೋಡಿದ, ಮುಖ ನೋಡಿದ. ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

“ಹೊಸಾವು ತಗಂಬಾ ತಾತ.”

“ಅಂಗಡ್ಯಾಗ ಮಾಲಿಲ್ಲ. ಬುಧವಾರ ಬರ್ತಾವಂತ.”

ತಾತ ಹಿತ್ತಲಿನ ಒಣಗಿದ ಕರಿಬೇವಿನ ಗಿಡದ ಕಡೆ ಕೈ ಮಾಡಿದ. “ಮೊದಲು ನಾನೂ ಮುಗಿದ ಸೆಲ್ಲೆಲ್ಲಾ ಅದರ ಬುಡಕ್ಕ ಎಸೀತಿದ್ದೆ. ಅವು ಸೋರಿದ್ವು, ಗಿಡಾನೂ ಹೋತು. ಕಂಪನಿಯವ್ರು ಮಾಡ್ತಾರ, ಮಾರ್ತಾರ. ಮುಗಿದ ಮ್ಯಾಲ ಎಲ್ಲಿ ಇಡಬೇಕಂತ ಯಾರೂ ಹೇಳಂಗಿಲ್ಲ. ಅದಕ್ಕ ಪೂರ್ತಿ ಮುಗಿಯೋ ತನಕ ಬಿಡಂಗಿಲ್ಲ ನಾನು.”

ಬುಧವಾರಕ್ಕೆ ಇನ್ನೂ ಐದು ದಿನ. ವಿರೂಪಮ್ಮ ಬೆರಳು ಮಡಿಚಿ ಎಣಿಸಿದಳು: ಐದು ಸಂಜೆ.

ಅವಳ ಅವ್ವ ಎದೆಯ ರೋಗವೆಂದು ಬಳ್ಳಾರಿಯ ಆಸ್ಪತ್ರೆ ಸೇರಿದ್ದಳು. ಅಪ್ಪ ಮೋಕದಲ್ಲಿ ಹೊಲ ನೋಡಿಕೊಳ್ಳುತ್ತಿದ್ದ. ಮಗಳನ್ನು ತಾತನ ಮನೆಗೆ ಕಳಿಸುವಾಗ ಅವ್ವ ಹೇಳಿದ್ದಳು: “ಸಂಜಿ ಏಳಕ್ಕ ರೇಡಿಯೋದಾಗ ಹಾಡು ಬರ್ತಾವ. ಇಲ್ಲಿ ನರ್ಸಮ್ಮ ಹಚ್ತಾಳ. ನಾ ಇಲ್ಲಿ ಕೇಳ್ತೀನಿ, ನೀ ಅಲ್ಲಿ ಕೇಳು. ಇಬ್ರೂ ಜೋಡಿ ಕುಂತಂಗ ಆಗ್ತೈತಿ.”

ಅವತ್ತಿನಿಂದ ಒಂದು ಸಂಜೆಯೂ ತಪ್ಪಿರಲಿಲ್ಲ. ಈಗ ಏಳು ಹೊಡೆಯಿತು. ವಿರೂಪಮ್ಮ ರೇಡಿಯೋ ಮುಂದೆ ಕೂತು ಗುಂಡಿ ತಿರುಗಿಸಿದಳು. ಟಕ್ ಎಂದಿತು, ಅಷ್ಟೇ. ಅಲ್ಲಿ ಅವ್ವ ಒಬ್ಬಳೇ ಹಾಡು ಕೇಳುತ್ತಿದ್ದಾಳೆ. ಮಗಳು ಜೊತೆಗಿದ್ದಾಳೆ ಅಂದುಕೊಂಡೇ ಕೇಳುತ್ತಿದ್ದಾಳೆ. ಅದು ನೆನಪಾಗಿ ವಿರೂಪಮ್ಮನಿಗೆ ಅಳು ತಡೆಯಲಾಗಲಿಲ್ಲ.

ಭಾನುವಾರ ಎಂದಿನಂತೆ ತಾತ ಅವಳನ್ನು ಬಸ್ಸಿನಲ್ಲಿ ಬಳ್ಳಾರಿಗೆ ಕರೆದುಕೊಂಡು ಹೋದ. ಮಕ್ಕಳನ್ನು ವಾರ್ಡಿನೊಳಗೆ ಬಿಡುತ್ತಿರಲಿಲ್ಲ. ಕಿಟಕಿಯ ಆಚೆ ಅವ್ವ, ಈಚೆ ಇವಳು.

“ಅವ್ವಾ, ನಾ ಎರಡು ದಿನದಿಂದ ಹಾಡು ಕೇಳಿಲ್ಲ. ತಾತನ ಸೆಲ್ಲು ನಾನ ಒಡೆದ್ ಹಾಕೀನಿ,” ಎಂದು ವಿರೂಪಮ್ಮ ಒಂದೇ ಉಸಿರಿಗೆ ಹೇಳಿದಳು.

ಅವ್ವ ನಕ್ಕಳು. ನಗು ಕೆಮ್ಮಾಯಿತು. ಕೆಮ್ಮು ನಿಂತ ಮೇಲೆ ಮೆಲ್ಲಗೆ ಹೇಳಿದಳು: “ನರ್ಸಮ್ಮನ ರೇಡಿಯೋನೂ ಎಂಟು ದಿನದಿಂದ ಸುಮ್ಮನ ಕುಂತೈತಿ. ಏಳಾತಂದ್ರ ನಾ ಈ ಕಿಟಕಿಗೆ ಬಂದು ಕುಂದರ್ತಿದ್ದೆ. ನನ್ನ ಮಗಳು ಕೇಳಾಕತ್ತಾಳ ಅಂತ.”

ವಿರೂಪಮ್ಮ ಕಣ್ಣು ಪಿಳಿಪಿಳಿ ಬಿಟ್ಟಳು. ಹಾಗಾದರೆ ಹೋದ ವಾರವೆಲ್ಲ ತಾನೊಬ್ಬಳೇ ಕೇಳುತ್ತಿದ್ದಳೇ?

ಅವ್ವ ಕಾಗದದ ಪೊಟ್ಟಣವೊಂದನ್ನು ಕಂಬಿಯ ಸಂದಿನಿಂದ ಕೊಟ್ಟಳು. ಒಳಗೆ ಮೂರು ಸೆಲ್ಲು ಇದ್ದವು.

“ಸಾಲಿ ಬೋರ್ಡಿಗೆ ಬೇಕಂತ ಹೋದ ಸಲ ಹೇಳಿದ್ದಿ. ನರ್ಸಮ್ಮ ಎಸಿಯಾಕ ಹೊಂಟಿದ್ಲು, ನಾನ ಇಸಗಂಡೆ.”

ಸೋಮವಾರ ಸೆಲ್ಲಿನ ವಿಷಯ ತಿಳಿದ ಸಾವಂತ್ರಿ ಬಿಡಲಿಲ್ಲ. “ಮೂರೂ ತಗಂಬಾ, ಬಾಗಿಲ ಹಿಂದಿನ ಸಣ್ಣ ಬೋರ್ಡಿಗೆ ಆಗ್ತೈತಿ.”

“ಅವು ಇನ್ನ ಸತ್ತಿಲ್ಲ,” ಎಂದಳು ವಿರೂಪಮ್ಮ.

“ಹೋಗು ಹಂಗಾರ,” ಎಂದು ಸಾವಂತ್ರಿ ಮುಖ ತಿರುಗಿಸಿ ಹೊನ್ನೂರಪ್ಪನ ಕಡೆ ಸರಿದು ಕೂತಳು. ಪಕ್ಕದ ಜಾಗ ಮತ್ತೆ ಖಾಲಿಯಾಯಿತು. ವಿರೂಪಮ್ಮ ಹೊಸ ಕಪ್ಪಿನ ಬೋರ್ಡನ್ನು ನೋಡುತ್ತ ಸಂಜೆಯವರೆಗೆ ಒಬ್ಬಳೇ ಕೂತಳು.

ಸೆಲ್ಲುಗಳು ದಿನವಿಡೀ ಮಾಳಿಗೆಯ ಮೇಲೆ, ಮೆಣಸಿನಕಾಯಿಯ ಮಗ್ಗುಲಲ್ಲಿ ಕಾದಿದ್ದವು. ಏಳಕ್ಕೆ ತಾತ ಅವನ್ನು ರೇಡಿಯೋಗೆ ಹಾಕಿ ಗುಂಡಿ ತಿರುಗಿಸಿದ. ಕೊರ್ ಎಂದಿತು. ಆಮೇಲೆ ಎಲ್ಲೋ ದೂರದ ಓಣಿಯಿಂದ ಬಂದಂತೆ ಸಣ್ಣ ದನಿಯಲ್ಲಿ ಒಂದು ಹಾಡು ಶುರುವಾಯಿತು.

ವಿರೂಪಮ್ಮ ರೇಡಿಯೋಗೆ ಕಿವಿ ಹಚ್ಚಿದಳು. ಅವಳ ತುಟಿ ಪಿಟಿಪಿಟಿ ಆಡುತ್ತಿತ್ತು. ಎರಡನೇ ನುಡಿ ಮುಗಿಯುವಷ್ಟರಲ್ಲಿ ದನಿ ಕುಗ್ಗಿತು, ಇನ್ನೂ ಕುಗ್ಗಿತು, ನಿಂತೇ ಹೋಯಿತು.

“ಮುಗೀತು. ಈಗ ಖರೇನ ಸತ್ವು ನೋಡು,” ಎಂದ ತಾತ. “ನಾಳಿ ಸಾಲಿಗೆ ಒಯ್ಯಿ.”

“ಒಂದೀಟು ತಡಿ ತಾತ, ಮಾತಾಡಬ್ಯಾಡ,” ಎಂದಳು ಅವಳು.

ಕಣ್ಣು ಮುಚ್ಚಿ ಹಾಡನ್ನು ಮೊದಲಿನಿಂದ ಹೇಳಿಕೊಂಡಳು. ಒಂದು ಸಾಲು ತಪ್ಪಿತು. ಮತ್ತೆ ಮೊದಲಿನಿಂದ ಶುರುಮಾಡಿದಳು. ಆಸ್ಪತ್ರೆಯ ಕಿಟಕಿಯ ಆಚೆ ಅವ್ವನಿಗೆ ಇವತ್ತು ಏನೂ ಕೇಳಿಸಿರಲಿಲ್ಲ. ಭಾನುವಾರ ಅವಳಿಗೆ ಹಾಡಿ ಕೇಳಿಸುವವರೆಗೆ ಈ ಎರಡು ನುಡಿ ಮರೆಯಬಾರದಿತ್ತು.